ಅಂಗೈಯ ಕಮಾನು, ನನ್ನ ಎಡಗಿವಿ

ಮಣಿಪಾಲದ ಒಂದು ಕಾಲೇಜಿನಲ್ಲಿ ನಾನು ಅಂಗರಚನೆಯ ಮೇಷ್ಟ್ರು. "ಮಣಿಕಟ್ಟಿನಿಂದ ಬರುವ ಎರಡು ರಕ್ತನಾಳಗಳು ಅಂಗೈಯಲ್ಲಿ ಕಮಾನಿನಂತೆ ಕೂಡುತ್ತವೆ. ಒಂದನ್ನೇ ಕಟ್ಟಿದರೆ ರಕ್ತ ನಿಲ್ಲದು, ಇನ್ನೊಂದರಿಂದ ಬರುತ್ತದೆ!" ಎಂದು ಪ್ರತಿ ವರ್ಷವೂ ಕೊರೆಯುತ್ತೇನೆ. ಮಕ್ಕಳು ಆಕಳಿಸುತ್ತಾರೆ. ಈ ಸಲ ಕಣ್ಣಿಗೇ ತೋರಿಸೋಣವೆಂದು, ಕೆಡದಂತೆ ಕಾಪಿಟ್ಟ ಕೈಯೊಂದರ ನಾಳಗಳಿಗೆ ಕೆಂಪು ಬಣ್ಣ ಬೆರೆಸಿದ ರಬ್ಬರ್ ಹಾಲು ತುಂಬಲು ಹೊರಟೆ. ದೇಹದಾನ ಮಾಡಿದ ಹಿರಿಯರೊಬ್ಬರ ಕೈ ಅದು. ಕೆಡಿಸಿದರೆ ಇನ್ನೊಂದಿಲ್ಲ.

"ಸಂಜೆ ಕಾರ್ಕಳದಲ್ಲಿ ನನ್ನ ತಮ್ಮನ ನಿಶ್ಚಿತಾರ್ಥ ಉಂಟು. ಬಿಳಿ ಅಂಗಿ ಜಾಗ್ರತೆ!" ಎಂದಳು ಹೆಂಡತಿ ನಳಿನಿ, ನಾನು ಮನೆಯಿಂದ ಹೊರಡುವಾಗ.

"ಐದು ನಿಮಿಷದ ಕೆಲಸ ಮಾರಾಯ್ತಿ!"

ಕಾಲೇಜಿಗೆ ಹೋದವನು ಏಪ್ರನ್ ಕೂಡ ಹಾಕಲಿಲ್ಲ. ಹಿರಿಯರಿಗೆ ಮನಸ್ಸಿನಲ್ಲೇ ಕೈಮುಗಿದು, ಹೆಬ್ಬೆರಳ ಕಡೆಯ ನಾಳಕ್ಕೆ ಸಿರಿಂಜ್ ಸಿಕ್ಕಿಸಿ ಒತ್ತಿದೆ. ಹೋಯಿತು. ಇನ್ನೂ ಒತ್ತಿದೆ. ಹೋಗುತ್ತಲೇ ಇತ್ತು. ಎಲ್ಲಿಗೆ ಹೋಗುತ್ತಿದೆ ಎಂದು ಬಗ್ಗಿ ನೋಡಿದೆ.

ಕಿರುಬೆರಳ ಕಡೆಯ ನಾಳವನ್ನು ನಾನು ಕಟ್ಟಿಯೇ ಇರಲಿಲ್ಲ! ಕೆಂಪು ಹಾಲು ಪಿಚಕ್ಕನೆ ಕನ್ನಡಕಕ್ಕೆ, ಅಂಗಿಗೆ, ಎಡಗಿವಿಗೆ ಹಾರಿತು. ತಕ್ಷಣ ಕ್ಲಿಪ್ ಹಾಕಿದೆ. ಒಳಗೆಷ್ಟು ಉಳಿಯಿತೋ, ಹಾಲು ಗಟ್ಟಿಯಾಗಿ ಚರ್ಮ ಬಿಡಿಸಿದ ಮೇಲಷ್ಟೇ ಗೊತ್ತಾಗುವುದು.

ಹೊರಗೆ ಬಂದರೆ ರಿಕ್ಷಾದವನು, "ಅಯ್ಯೋ ಸರ್, ಆಕ್ಸಿಡೆಂಟಾ? ಎಂತ ಆಯ್ತು?" ಎಂದು, ಉತ್ತರಕ್ಕೂ ಕಾಯದೆ ನನ್ನನ್ನು ಎಳೆದು ಕೂರಿಸಿ ಸೀದಾ ಆಸ್ಪತ್ರೆಗೆ ಒಯ್ದ! ಅಲ್ಲಿದ್ದ ಡಾಕ್ಟರು ನನ್ನ ಹಳೆಯ ಶಿಷ್ಯೆ.

"ಗಾಯ ಎಲ್ಲಿ ಸರ್?"

"ಗಾಯ ಇಲ್ಲಮ್ಮ, ರಬ್ಬರ್ ಹಾಲು. ಇನ್ನೊಂದು ನಾಳ ಕಟ್ಟಲು ಮರೆತೆ."

"ಎರಡನ್ನೂ ಕಟ್ಟಬೇಕು ಅಂತ ನೀವೇ ಅಲ್ವಾ ಸರ್ ಹೇಳಿದ್ದು?"

ಭೂಮಿ ಬಾಯಿಬಿಡಬಾರದೇ ಅನಿಸಿತು. ಕಾರ್ಕಳದ ರಬ್ಬರ್ ತೋಟದವರ ಮಗಳಾದ ನಳಿನಿ ಅಂಗಿ ನೋಡಿದವಳೇ ತೀರ್ಪು ಕೊಟ್ಟಳು: "ಇದು ಈ ಜನ್ಮದಲ್ಲಿ ಹೋಗುವುದಿಲ್ಲ. ಒರೆಸುವ ಬಟ್ಟೆಗೆ ಆಯಿತು." ಮಾವನ ದೊಗಳೆ ಅಂಗಿ ತೊಟ್ಟು, ಕೆಂಪು ಕಿವಿ ಹೊತ್ತು ನಿಶ್ಚಿತಾರ್ಥ ಮುಗಿಸಿದೆ. ಊಟ ಮಾತ್ರ ಸೇರಲಿಲ್ಲ. ಮನಸ್ಸೆಲ್ಲ ಆ ಕೈಯಲ್ಲೇ ಇತ್ತು.

ಮರುದಿನ ಉಸಿರು ಬಿಗಿಹಿಡಿದು ಚರ್ಮ ಬಿಡಿಸಿದೆ. ಅಂಗೈ ತುಂಬ ಕೆಂಪು ಕಮಾನು, ಬೆರಳ ತುದಿಯವರೆಗೂ! ಅಬ್ಬಾ, ಹಿರಿಯರ ದಾನ ಹಾಳಾಗಿರಲಿಲ್ಲ. ಕಣ್ಣಲ್ಲಿ ನೀರೇ ಬಂತು.

ತರಗತಿಗೆ ಒಯ್ದು ತೋರಿಸಿ, ನಡೆದದ್ದನ್ನೂ ಹೇಳಿ ಕೇಳಿದೆ: "ಒಂದು ನಾಳ ಕಟ್ಟಿದರೆ ಸಾಕೇ?"

"ಸಾಲದು ಸರ್!" ಎಂದಿತು ಇಡೀ ತರಗತಿ. ಒಬ್ಬನೂ ಆಕಳಿಸಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ! ಆಮೇಲೆ ಗಮನಿಸಿದೆ, ಯಾರೂ ಆ ಕೈಯನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಇನ್ನೂ ಕೆಂಪಾಗಿದ್ದ ನನ್ನ ಎಡಗಿವಿಯ ಮೇಲಿತ್ತು.