ಅಣ್ಣನ ಜ್ವರ, ನನ್ನ ಬೆರಳು

ಮಕ್ಕಳೇ, ನಿಮ್ಮ ಗುಬ್ಬಿ ತಾತನಂಥ ಧೈರ್ಯವಂತ ಈ ಜಿಲ್ಲೆಯಲ್ಲೇ ಇಲ್ಲ. ನನ್ನ ಈ ಅಣ್ಣ ತೋಟದಲ್ಲಿ ನಾಗರಹಾವು ಕಂಡರೆ ಕೋಲಿನಲ್ಲಿ ಎತ್ತಿ ಬೇಲಿಯಾಚೆ ಬಿಡುತ್ತಾನೆ. ಅವನು ಹೆದರುವುದು ರಕ್ತ ತೆಗೆಯುವ ಸೂಜಿಗೆ ಮಾತ್ರ!

ಹೋದ ವರ್ಷ ಎಳನೀರು ಲೋಡಿನ ಜೊತೆ ಮಂಗಳೂರಿಗೆ ಹೋಗಿ ಬಂದವನಿಗೆ ಚಳಿಜ್ವರ ಹಿಡಿಯಿತು. ದಿನ ಬಿಟ್ಟು ದಿನ ಮಂಚವೇ ಗಡಗಡ ಅನ್ನುತ್ತಿತ್ತು. ಸುದ್ದಿ ತಿಳಿದು ಕುಣಿಗಲ್‌ನಿಂದ ಗುಬ್ಬಿಗೆ ಓಡಿದೆ. ನಾನು ಹೋದಾಗ ಆಸ್ಪತ್ರೆಯ ಸಿಸ್ಟರ್ ಮನೆಗೇ ಬಂದು ಗಾಜಿನ ಪಟ್ಟಿ, ಸೂಜಿ ಹಿಡಿದು ನಿಂತಿದ್ದರು.

"ಮಲೇರಿಯಾ ಇರಬಹುದು ತಾತ. ಬೆರಳು ಕೊಡಿ, ಒಂದು ತೊಟ್ಟು ಸಾಕು."

ಅಣ್ಣನ ಕೈಗಳೆರಡೂ ಕಂಬಳಿಯೊಳಗೆ ಸೇರಿಕೊಂಡವು. "ನನ್ನ ತಂಗಿದು ತಗೋಳವ್ವ. ಒಂದೇ ಹೊಟ್ಟೇಲಿ ಹುಟ್ಟಿದೋರು. ಅವಳ ರಕ್ತ ನೋಡಿದ್ರೆ ನಂದು ನೋಡ್ದಂಗೆ."

"ಮನೇಲಿರೋರ್ದೆಲ್ಲಾ ತಗೋತೀನಿ. ನಿಮ್ದೂ ಬೇಕು."

ಹೊಸಬರೆದುರು ಬಾಯಿ ಬಿಡದ ನಾನು ಸುಮ್ಮನೆ ಬೆರಳು ಚಾಚಿದೆ. ಸಿಸ್ಟರ್ ತಿರುಗಿ ನೋಡಿದರೆ ಮಂಚ ಖಾಲಿ. ಬಚ್ಚಲ ಮನೆಗೆ ಒಳಗಿನಿಂದ ಚಿಲಕ ಬಿದ್ದಿತ್ತು.

ನನ್ನ ರಕ್ತದಲ್ಲಿ ಏನೂ ಇಲ್ಲವೆಂದು ರಿಪೋರ್ಟ್ ಬಂತು. ಅಣ್ಣ ನೆಂಟರಿಗೆಲ್ಲ ಫೋನ್ ಮಾಡಿ, "ರಿಪೋರ್ಟ್ ಬಂತು ಕಣೋ, ಮಲೇರಿಯಾ ಇಲ್ವಂತೆ" ಎಂದು ಸಾರಿದ. ಸಾರುತ್ತಿದ್ದಂತೆಯೇ ಹಲ್ಲು ಕಟಕಟಿಸಿ ಫೋನ್ ಕೈಜಾರಿತು. ಸಂಜೆಗೆ ಮಾತು ತೊದಲಿತು, ಕಣ್ಣು ಹಳದಿಯಾಯಿತು.

ಅತ್ತಿಗೆಯೂ ನಾನೂ ಅವನನ್ನು ಆಟೋದಲ್ಲಿ ತುಮಕೂರಿಗೆ ಸಾಗಿಸಿದೆವು. ಲ್ಯಾಬಿನಲ್ಲಿ ಕಣ್ಣು ಮುಚ್ಚಿ ಶಿವಶಿವ ಅಂದುಕೊಂಡು, ನನ್ನ ಮುಂಗೈ ಹೇಗೆ ಅಮುಕಿ ಹಿಡಿದನೆಂದರೆ, ಸೂಜಿ ಚುಚ್ಚಿದ್ದು ಅವನಿಗೆ, ನೋವಾದದ್ದು ನನಗೆ.

ರಕ್ತದಲ್ಲಿ ಮಲೇರಿಯಾ ಪರೋಪಜೀವಿ ಸಿಕ್ಕಿತು. ಔಷಧಿಗೆ ಗುಣವಾದ. ಆಮೇಲೆ ಊರಿಗೆಲ್ಲ ಹೇಳಿದ್ದೇನು ಗೊತ್ತೇ? "ಆ ಹುಳ ನನ್ನ ನೋಡಿ ಹೆದರ್ಕಂಡು ಓಡೋಯ್ತು ಕಣ್ಲಾ." ಹೆದರಿ ಬಚ್ಚಲಿಗೆ ಓಡಿದ್ದು ಯಾರೋ!

ಈ ಮಳೆಗಾಲದಲ್ಲಿ ಜ್ವರ ಬಂದದ್ದು ನನಗೆ. ಮೊದಲ ಬಸ್ಸಿಗೇ ಅಣ್ಣ ಗುಬ್ಬಿಯಿಂದ ಬಂದು ನನ್ನ ಮಂಚದ ಪಕ್ಕ ಕೂತ. ನಮ್ಮೂರ ಸಿಸ್ಟರ್ ಸೂಜಿ ತೆಗೆದರು. ನಾನು ಬೆರಳು ಚಾಚಿದೆ. ಅಣ್ಣ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ತನ್ನ ಬೆರಳು ಮುಂದೆ ಹಿಡಿದ.

"ಸೋತೋಗವ್ಳೆ ಕಣವ್ವ. ನಂದೇ ತಗೋ. ಒಂದೇ ಹೊಟ್ಟೇಲಿ ಹುಟ್ಟಿದೋರು."

ಆ ಬೆರಳು ನಡುಗುತ್ತಿತ್ತು. ಆದರೂ ಅವನು ಅದನ್ನು ಹಿಂದಕ್ಕೆ ತೆಗೆಯಲಿಲ್ಲ.