ಸೌದೆ ಕೊಟ್ಟಿಗೆಯ ಮೇಲಿನ ಹನ್ನೊಂದು ಜಾತಿ

ಕೂತುಕೋ ಮಗು, ಆ ಬೆಕ್ಕನ್ನು ಸ್ವಲ್ಪ ಪಕ್ಕಕ್ಕೆ ತಳ್ಳು, ಅದು ತಾನಾಗಿ ಏಳುವುದಿಲ್ಲ. ಎಲ್ಲಿದ್ದೆ ನಾನು? ಹಾಂ, ಅರವತ್ತೊಂಬತ್ತನೇ ವಯಸ್ಸಿಗೆ ಹಾವಸೆಯ ಬಗ್ಗೆ ಓದಲು ವಿಶ್ವವಿದ್ಯಾಲಯ ಸೇರಿದ್ದು. ನಮ್ಮ ಆರೆಗನ್‌ನಲ್ಲಿ ಮುದುಕರು ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಬಹುದು. ಆದರೆ ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ಹದಿನೆಂಟರಲ್ಲಿ ತಪ್ಪಿಹೋದ ಕಾಲೇಜು, ಈಗ ಪರೀಕ್ಷೆ ಬರೆದು ಅಂಕ ತೆಗೆದುಕೊಂಡೇ ಮುಗಿಸುತ್ತೇನೆ ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಚರ್ಚಿನ ಕಾಫಿ ಮೇಜಿನ ಮುಂದೆ ನಿಂತು, "ಈ ಬೆಟ್ಟಸಾಲಿನಲ್ಲಿ ಹಾವಸೆಯ ವಿಷಯ ಬಂದರೆ ಇನ್ನು ಮೇಲೆ ಎಲ್ಲರೂ ಈ ಲವಾನ್‌ಳನ್ನೇ ಕೇಳಬೇಕು" ಎಂದು ಬೇರೆ ಸಾರಿಬಿಟ್ಟೆ!

ನನ್ನ ಗಂಡ ವರ್ಲಿನ್ ಅಲ್ಲೇ ಡೋನಟ್ ತಿನ್ನುತ್ತಿದ್ದ. ಅವನು ನಲವತ್ತೊಂದು ವರ್ಷ ಛಾವಣಿ ಕೆಲಸ ಮಾಡಿದವನು. ವರ್ಷದಲ್ಲಿ ಎಂಟು ತಿಂಗಳು ಮಳೆ ಬೀಳುವ ಊರು ನಮ್ಮದು. ಒಂದು ಚಳಿಗಾಲ ಕೆರೆಯದೆ ಬಿಟ್ಟರೆ ಸೀಡರ್ ಹಲಗೆಯ ಛಾವಣಿಯ ಮೇಲೆ ಹಾವಸೆ ಹಾಸಿಗೆ ಹಾಸಿಕೊಂಡು ಮಲಗುತ್ತದೆ. ಅದನ್ನು ಕೆರೆದು ಕೆರೆದೇ ಅವನು ಮಕ್ಕಳನ್ನು ಸಾಕಿದ್ದು. ಅಂಥವನ ಹೆಂಡತಿ ಹಾವಸೆ ಓದುವುದೆಂದರೆ, ಪೊಲೀಸಿನವನ ಹೆಂಡತಿ ಕಳ್ಳರ ಜೀವನಚರಿತ್ರೆ ಓದಲು ಕೂತ ಹಾಗೆ.

ನಮ್ಮ ಪ್ರೊಫೆಸರ್ ಓಕರ್ಲಂಡ್ ಮೇಡಂ ನನ್ನ ಕಿರಿಯ ಮಗಳಿಗಿಂತ ಚಿಕ್ಕವಳು. ಕೊರಳಲ್ಲಿ ಸದಾ ಒಂದು ಪುಟ್ಟ ಮಸೂರ ನೇತಾಡುತ್ತಿರುತ್ತದೆ. ಮೊದಲ ದಿನವೇ ಉಗುರಿನಷ್ಟು ಹಾವಸೆಯನ್ನು ನನ್ನ ಕೈಗಿಟ್ಟು, ಮಸೂರವನ್ನು ಕಣ್ಣಿಗೆ ಒತ್ತಿಕೊಂಡು ನೋಡಿ ಎಂದಳು. ನೋಡಿದೆ. ಒಂದೊಂದು ಎಲೆಯೂ ಹಸಿರು ಗಾಜಿನ ಕಿಟಕಿ. ಎಲೆಗಳ ನಡುವಿನಿಂದ ಕೂದಲಿನಂಥ ಕಡ್ಡಿ, ಕಡ್ಡಿಯ ತುದಿಗೆ ಒಂದು ಹೂಜಿ, ಹೂಜಿಯ ಬಾಯಿಗೆ ಸುತ್ತಲೂ ಕೆಂಪು ಹಲ್ಲು. ಮೇಡಂ ಮೆಲ್ಲಗೆ ಉಸಿರು ಬಿಡಿ ಎಂದಳು. ಬಿಟ್ಟೆ. ಹಲ್ಲುಗಳು ಅಲುಗಿದವು! ನನ್ನ ಉಸಿರಿನ ತೇವಕ್ಕೇ ಒಳಕ್ಕೆ ಬಾಗಿದವು. ಎರಡನೇ ಸಲ ಉಸಿರು ಬಿಡಲು ನನಗೆ ಹೆದರಿಕೆಯಾಯಿತು, ಮಗು. ಇಷ್ಟು ವರ್ಷ ಇದರ ಮೇಲೆ ಬಟ್ಟೆ ಒಣಗಿಸಿದ್ದೆನಲ್ಲ ಎನಿಸಿತು.

ಆಮೇಲೆ ಕಲ್ಲುಹೂವಿನ ಪಾಠ. ಅದು ಒಂದು ಜೀವವಲ್ಲವಂತೆ, ಎರಡು ಸೇರಿ ಹೂಡಿದ ಸಂಸಾರ. ಶಿಲೀಂಧ್ರ ಸೂರು ಕಟ್ಟುತ್ತದೆ, ಪಾಚಿ ಒಳಗೆ ಕೂತು ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿ, ಥೇಟ್ ನಮ್ಮ ಹಾಗೆ ಎಂದೆ. ವರ್ಲಿನ್ ತಟ್ಟೆ ನೋಡಿಕೊಂಡು, "ಪಾಚಿ ಅಡುಗೆ ಸೀಯಿಸಿದ್ರೆ ಶಿಲೀಂಧ್ರ ಏನು ಮಾಡುತ್ತಂತೆ?" ಎಂದ.

ಹೀಗೆ ಮಾತಾಡುವವನಿಗೆ ಗುಟ್ಟು ಹೇಳುವುದುಂಟೇ? ಗುಟ್ಟು ಏನೆಂದರೆ, ಪ್ರತಿಯೊಬ್ಬರೂ ಒಂದು ಜಾಗ ಆರಿಸಿಕೊಂಡು ಅವಧಿಯುದ್ದಕ್ಕೂ ಅದನ್ನೇ ಗಮನಿಸಬೇಕು. ಕೊನೆಯ ಶನಿವಾರ ಇಡೀ ತರಗತಿ ಬಂದು ನೋಡುತ್ತದೆ. ಅರ್ಧ ಅಂಕ ಅದಕ್ಕೇ. ನಾನು ಆರಿಸಿಕೊಂಡದ್ದು ನಮ್ಮ ಸೌದೆ ಕೊಟ್ಟಿಗೆಯ ಛಾವಣಿ, ಬಡಗಣ ಇಳಿಜಾರು. ಮಂಡಿನೋವಿನಿಂದ ವರ್ಲಿನ್ ಎರಡು ವರ್ಷ ಅದನ್ನು ಕೆರೆದಿರಲಿಲ್ಲ. ಅಲ್ಲಿ ಎಂಟು ಜಾತಿ ಹಾವಸೆ, ಹಾವಸೆಯ ದಾಯಾದಿಯಾದ ಲಿವರ್‌ವರ್ಟ್ ಒಂದು, ಎರಡು ಕಲ್ಲುಹೂವು. ಹನ್ನೊಂದು! ಅವನು ಗೆಳೆಯರ ಜೊತೆ ಕಾಫಿಗೆ ಹೋದಾಗ ಏಣಿ ಹತ್ತುತ್ತಿದ್ದೆ. ಒಮ್ಮೆ ಅವನೇ ಬಾಯಿಬಿಟ್ಟು ಕೇಳಿದ, ಯಾವ ಜಾಗ ಆರಿಸಿಕೊಂಡೆ ಎಂದು. ನಾನು ಪುಸ್ತಕದಿಂದ ತಲೆ ಎತ್ತದೆ, "ನಿನಗೆ ಅರ್ಥ ಆಗೋ ವಿಷಯ ಅಲ್ಲ ಬಿಡು" ಎಂದೆ.

ಇದನ್ನು ನೆನಪಿಟ್ಟುಕೋ. ನಾನು ಮರೆತಿದ್ದೆ.

ಶನಿವಾರ ಮೇಡಂ ಮನೆಗೆ ಬರುತ್ತಾಳೆ ಎಂದಷ್ಟೇ ಅವನಿಗೆ ಹೇಳಿದ್ದೆ. ಶುಕ್ರವಾರ ಸಂಜೆ ಪೈಗೆಂದು ಹಕಲ್‌ಬೆರಿ ಹಣ್ಣು ಹಿಡಿದು ಪೇಟೆಯಿಂದ ಬಂದೆ. ವರ್ಲಿನ್ ಅಂಗಳದಲ್ಲಿ ಮಂಡಿಗೆ ಐಸ್ ಕಟ್ಟಿಕೊಂಡು ಕೂತಿದ್ದ, ಮುಖದಲ್ಲಿ ಮದುವೆ ದಿನದ ನಗು. ಕೊಟ್ಟಿಗೆ ನೋಡಿದೆ. ಛಾವಣಿ ಆಗತಾನೆ ಕ್ಷೌರ ಮಾಡಿಸಿಕೊಂಡ ಹಾಗಿತ್ತು.

"ನಾಳೆ ನಿನ್ನ ಮೇಡಂ ಬರ್ತಾರೆ. ಛಾವಣಿ ಕೆಲಸದವನ ಮನೇಲೇ ಹಾವಸೆ ಅಂದ್ರೆ ನಿನ್ನ ಮರ್ಯಾದೆ ಏನಾಗ್ಬೇಕು? ಅದಕ್ಕೇ ಹತ್ತಿದೆ ಕಣೆ."

ನಾನು ಸೌದೆ ಒಡೆಯುವ ದಿಮ್ಮಿಯ ಮೇಲೆ ಕುಸಿದು ಕೂತೆ. "ವರ್ಲಿನ್, ಅದೇ ನನ್ನ ಪರೀಕ್ಷೆ ಕಣೋ."

ಅವನ ನಗು ಇಳಿಯುವುದನ್ನು ನೋಡಲಾಗಲಿಲ್ಲ. "ಯಾವ ಜಾಗ ಅಂತ ಕೇಳಿದ್ನಲ್ಲೇ ನಾನು" ಎಂದ. ಅಷ್ಟೇ. ಕೂಗಾಡಿದ್ದರೆ ಒಳ್ಳೆಯದಿತ್ತು.

ಕುಂಟುತ್ತ ಹೋಗಿ ಮೂರು ಗೋಣಿಚೀಲ ಎಳೆದು ತಂದ. ಚರ್ಚಿನ ಹೆಂಗಸರು ಹೂವಿನ ತೂಗುಬುಟ್ಟಿಗೆ ಹಾವಸೆ ಹಾಸುತ್ತಾರಲ್ಲ, ಅವರಿಗೆಂದು ಎತ್ತಿಟ್ಟಿದ್ದನಂತೆ. ಕಲ್ಲುಹೂವನ್ನು ಮುಟ್ಟಿಯೇ ಇರಲಿಲ್ಲ. ಅದು ಹಲಗೆಗೆ ತೊಂದರೆ ಕೊಡುವುದಿಲ್ಲ ಎಂದ. ಹಾವಸೆಗೆ ಬೇರಿಲ್ಲ, ಬರೀ ಹಿಡಿತ. ತೆಳ್ಳನೆಯ ಸಲಿಕೆ ತೂರಿಸಿದರೆ ಇಡೀ ಚಾಪೆಯೇ ಎದ್ದು ಬರುತ್ತದೆ ಎಂದೂ ಹೇಳಿದ. ಈ ಬೇರಿಲ್ಲದ ವಿಷಯ ಕಲಿಯಲು ನನಗೆ ಎರಡು ವಾರ ಹಿಡಿದಿತ್ತು.

ಬೆಳಗಿನ ಐದಕ್ಕೆ ಒಂಬತ್ತು ಚಾಪೆಗಳನ್ನೂ ಅಂಗಳದಲ್ಲಿ ಹರಡಿದೆವು. ವಾರದ ಬಿಸಿಲಿಗೆ ಎಲ್ಲವೂ ಮುದುಡಿ ಒಂದೇ ಕಂದು ಬಣ್ಣ. ನಾನು ಪುಸ್ತಕ ತೆರೆದೆ, ಮಸೂರ ಹಿಡಿದೆ. ಒಂದರ ಗುರುತೂ ಸಿಗಲಿಲ್ಲ. ವರ್ಲಿನ್ ಹೆಬ್ಬೆರಳಿನಿಂದ ಸವರುತ್ತಾ ಹೋದ. "ಇದು ಮಳೆನೀರು ಹರಿಯೋ ದೋಣಿ ಪಕ್ಕದ್ದು. ಇದು ಫರ್ ಮರ ತೊಟ್ಟಿಕ್ಕೋ ಕಡೇದು. ಇದು ಹಲಗೆ ಸಂದೀಲಿ ಕೂತ್ಕೊಳ್ಳೋ ಹಠಮಾರಿ."

"ಹೆಸರು ಗೊತ್ತಾ?"

"ಹೆಸರು ಕೇಳಿ ನಾನು ಯಾವತ್ತೂ ಕೆರೆದಿಲ್ಲ."

ಎಂಟನ್ನು ಅವನೇ ಮೇಲೆ ಕೂರಿಸಿದ. ಒಂಬತ್ತನೆಯದನ್ನು ನಾನು ಕಸಿದುಕೊಂಡೆ; ಪರೀಕ್ಷೆ ನನ್ನದಲ್ಲವೇ? ಅವನು ಹೇಳಿದ ಜಾಗದಿಂದ ಗುರುತು ಹಿಡಿದು, ಹೊಮಲೊಥೀಶಿಯಂ ಎಂದು ಅದರ ಹೆಸರನ್ನು ಒಂದಕ್ಷರ ಬಿಡದೆ ಉಚ್ಚರಿಸಿ, ಗತ್ತಿನಿಂದ ಎಡಮೂಲೆಯಲ್ಲಿಟ್ಟೆ. ವರ್ಲಿನ್ ತಲೆ ಓರೆಮಾಡಿ ಅದನ್ನೊಮ್ಮೆ ನೋಡಿ, ಪೈಪು ತರಲು ಇಳಿದ.

ಆಮೇಲೆ ಪೈಪಿನಿಂದ ಹನಿ ಹನಿಯಾಗಿ ನೀರು ಬಿಟ್ಟ. ನೋಡುತ್ತಿದ್ದಂತೆ ಮುದುಡಿದ ಎಲೆಗಳು ತಿರುಚಿಕೊಂಡು ಬಿಚ್ಚತೊಡಗಿದವು. ಕಂದು ಹಸಿರಾಯಿತು, ಹಸಿರು ಚಿನ್ನವಾಯಿತು. ಇಡೀ ಛಾವಣಿ ನಿದ್ದೆಯಿಂದ ಎದ್ದು ಮೈಮುರಿಯಿತು.

"ಸತ್ತಿತ್ತಲ್ಲೇ ಇದು" ಎಂದ ವರ್ಲಿನ್.

"ಸತ್ತಿರಲಿಲ್ಲ. ಕಾಯ್ತಿತ್ತು."

ಮಸೂರ ಕೊಟ್ಟೆ. ನಲವತ್ತೊಂದು ವರ್ಷ ಕೆರೆದ ಮನುಷ್ಯ ಏಣಿಯ ತುದಿಯಲ್ಲಿ ನಿಂತು, ಟೋಪಿ ತೆಗೆದು, ಮೂಗು ಹಾವಸೆಗೆ ತಾಗುವಷ್ಟು ಬಾಗಿದ. ಅವನನ್ನು ನೋಡುತ್ತಾ ನಾನೂ ನಿಂತುಬಿಟ್ಟೆ. ಎಷ್ಟು ಹೊತ್ತೆಂದರೆ, ಮೇಡಂಗೆಂದು ಒಲೆಗಿಟ್ಟಿದ್ದ ಪೈ ಇದ್ದಿಲಾಗುವಷ್ಟು ಹೊತ್ತು. ಹೊಗೆ ಕಂಡು ಅವನು ಇಷ್ಟೇ ಹೇಳಿದ: "ಪಾಚಿ ಅಡುಗೆ ಸೀಯಿಸ್ತು."

ಹತ್ತಕ್ಕೆ ಮೇಡಂ ಬಂದಳು, ಹಿಂದೆ ತರಗತಿಯ ಏಳು ಮಕ್ಕಳು. ಏಣಿ ಹತ್ತಿ ಮಸೂರ ಹಿಡಿದು ಒಂದೊಂದೇ ಚಾಪೆಯನ್ನು ನೋಡಿದಳು. ಆಮೇಲೆ ಇದನ್ನು ಕಿತ್ತು ಮತ್ತೆ ಜೋಡಿಸಿದವರು ಯಾರು ಎಂದಳು. ನಾನು ಗಂಟಲು ಸರಿಮಾಡಿಕೊಂಡು ಒಂದು ಭವ್ಯವಾದ ಸುಳ್ಳಿಗೆ ಸಿದ್ಧಳಾಗುತ್ತಿದ್ದೆ.

"ಕಿತ್ತವನೂ ನಾನೇ ಮೇಡಂ, ಜೋಡಿಸಿದವನೂ ನಾನೇ" ಎಂದ ವರ್ಲಿನ್. "ಅವಳ ಅಂಕ ಕಳೀಬೇಡಿ."

"ಎಂಟೂ ಅವವುಗಳ ಜಾಗದಲ್ಲೇ ಇವೆ, ನೀರು ಹರಿಯೋ ದಿಕ್ಕಿಗೇ ಮಲಗಿವೆ. ನನ್ನ ಕೈಲಾಗ್ತಿರಲಿಲ್ಲ ಇದು" ಎಂದಳು ಮೇಡಂ. ಆಮೇಲೆ ಎಡಮೂಲೆಗೆ ಕೈ ತೋರಿಸಿದಳು. "ಈ ಹೊಮಲೊಥೀಶಿಯಂ ಒಂದೇ ತಲೆಕೆಳಗು, ನೀರಿಗೆ ಎದುರಾಗಿ ಮಲಗಿದೆ. ಇದನ್ನಿಟ್ಟವರು ಯಾರು?"

ಏಳು ಮಕ್ಕಳೂ ನನ್ನ ಕಡೆ ನೋಡಿದರು. ಬೆಕ್ಕು ಕೂಡ.

ನಾನು ಪಾಸಾದೆ, ಮಗು. ಬಿ ಶ್ರೇಣಿ. ಹಾಳೆಯ ಕೆಳಗೆ ಮೇಡಂ ಒಂದೇ ಸಾಲು ಬರೆದಿದ್ದಳು: "ಮುಂದಿನ ಅವಧಿಗೆ ನಿಮ್ಮ ಯಜಮಾನರನ್ನು ಕಳಿಸಿ." ಈಗ ಪ್ರತಿ ಮಂಗಳವಾರ ಅವನು ಊಟದ ಡಬ್ಬಿ ಹಿಡಿದು ತರಗತಿಗೆ ಹೋಗುತ್ತಾನೆ, ಕೊರಳಲ್ಲಿ ನನ್ನದೇ ಮಸೂರ. ಮನೆ ಬಿಡುವ ಮೊದಲು ನನಗೊಂದು ಚೀಟಿ ಬರೆದಿಡುತ್ತಾನೆ, ಮಧ್ಯಾಹ್ನದೊಳಗೆ ಕೊಟ್ಟಿಗೆ ಛಾವಣಿಗೆ ನೀರು ಚಿಮುಕಿಸು ಎಂದು. ಇವತ್ತು ನನ್ನ ಸೊಂಟ ಏಣಿಗೆ ಒಪ್ಪುತ್ತಿಲ್ಲ. ನೀನೇ ಸ್ವಲ್ಪ ಹೋಗಿ ಬಾ, ಬಾಟಲಿ ಹಿತ್ತಿಲ ಬಾಗಿಲ ಹತ್ತಿರವಿದೆ. ಎಡಮೂಲೆಯ ತುಂಡು ಈಗಲೂ ತಲೆಕೆಳಗೇ ಇದೆ. ಪಾಪ ಎಂದು ತಿರುಗಿಸಿಬಿಟ್ಟೀಯೆ, ಜೋಕೆ. ಅದು ತಾನಾಗಿ ಸರಿಯಾದ ದಿಕ್ಕಿಗೆ ತಿರುಗಲು ಎಷ್ಟು ದಿನ ತೆಗೆದುಕೊಳ್ಳುತ್ತದೆ ಎಂದು ಅವನು ದಿನಾ ಬರೆದಿಡುತ್ತಿದ್ದಾನೆ. ಅದೇ ಅವನ ಪ್ರಾಜೆಕ್ಟು.