ಅಪ್ಪನ ವಾಚು, ನನ್ನ ಬಿಡ್ಡು

ಚೌಕಾಸಿಯಲ್ಲಿ ನನ್ನನ್ನು ಸೋಲಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅವನಿಗೂ ನಮ್ಮ ಅಂಗಡಿಯ ತುಕ್ಕು ಹಿಡಿದ ಚಿಲಕಗಳನ್ನು ಹೊಸವೆಂದು ಮಾರಿರುತ್ತೇನೆ. ಆ ಸೋಮವಾರ ಬೆಳಿಗ್ಗೆ ಹೆಂಡತಿಯ ಮುಂದೆ ನಾನು ಹೀಗೆ ಘೋಷಣೆ ಮಾಡಿದೆ. ಅವಳು ಅಪ್ಪನ ಮಾತ್ರೆಯನ್ನು ಚಮಚದ ಹಿಂಬದಿಯಿಂದ ಪುಡಿ ಮಾಡುತ್ತಿದ್ದಳು.

"ಹೋದ ತಿಂಗಳು ಮಿಕ್ಸಿ ತಂದ್ರಲ್ಲ, ತಿರುಗದೇ ಇರೋದು," ಅಂದಳು ತಲೆಯೆತ್ತದೆ. "ಅದನ್ನ ನಿಮಗೆ ಮಾರಿದವನು ಯಾವಾಗ ಹುಟ್ಟಿದ್ದು?"

ಮಹಾಕಾರ್ಯಕ್ಕೆ ಹೊರಟವನು ಇಂಥದ್ದಕ್ಕೆಲ್ಲ ಉತ್ತರ ಕೊಡುವುದಿಲ್ಲ.

ಕಾರ್ಯವೆಂದರೆ ಅಪ್ಪನ ವಾಚು. ನಮ್ಮದು ಮೊಳೆ, ಬೀಗ, ಪೈಪು ಮಾರುವ ಹಾರ್ಡ್‌ವೇರ್ ಅಂಗಡಿ. ಅಪ್ಪ ಅದನ್ನು ತೆರೆದಾಗ ಮೊಳೆ ತೂಗುವುದಕ್ಕೆ ತಕ್ಕಡಿ ಇರಲಿಲ್ಲ. ಕೈಯಲ್ಲಿದ್ದ ವಾಚು ಮಾರಿ ತಕ್ಕಡಿ ತಂದ. ಆಮೇಲೆ ಅಂಗಡಿ ಬೆಳೆಯಿತು, ನಾನು ಬೆಳೆದೆ, ನನ್ನ ಹೊಟ್ಟೆಯೂ ಬೆಳೆಯಿತು. ಅಪ್ಪನ ಮಣಿಕಟ್ಟು ಮಾತ್ರ ಬರಿದಾಗಿಯೇ ಉಳಿಯಿತು. ಈಗಂತೂ ಅಲ್ಲಿ ಮೂಳೆ ಬಿಟ್ಟರೆ ಏನೂ ಇಲ್ಲ. "ಮನೆಗೆ ಕರ್ಕೊಂಡು ಹೋಗಿ, ಕೇಳಿದ್ದು ಕೊಡಿ" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಡಾಕ್ಟರ ಬಾಯಲ್ಲಿ ಈ ಮಾತು ಬಂದರೆ ನಮ್ಮ ಭಾಷೆಯಲ್ಲಿ ಸ್ಟಾಕು ಮುಗಿಯಿತು ಎಂದರ್ಥ.

ಕೇಳಿದ್ದು ಕೊಡೋಣವೆಂದರೆ ಅಪ್ಪ ಏನನ್ನೂ ಕೇಳುತ್ತಿರಲಿಲ್ಲ. ನಾನು ಹೋಗಿ ಮಂಚದ ಪಕ್ಕ ಕುರ್ಚಿ ಎಳೆದು ಕೂತರೆ ಸ್ವಲ್ಪ ಹೊತ್ತಿಗೆ "ಗಂಟೆ ಎಷ್ಟಾಯ್ತೋ?" ಅನ್ನುವುದೊಂದೇ. ಎದುರು ಗೋಡೆಯ ಮೇಲೆ ತಟ್ಟೆಯಷ್ಟು ದೊಡ್ಡ ಗಡಿಯಾರವಿದೆ. ಅಪ್ಪನ ಕಣ್ಣಿಗೇನೂ ಆಗಿಲ್ಲ. ನನ್ನ ಅಂಗಿಯ ಗುಂಡಿ ತಪ್ಪಿದ್ದರೆ ಮಲಗಿದಲ್ಲಿಂದಲೇ ಹೇಳುತ್ತಾನೆ. ಮತ್ತೆ ಗಂಟೆ ಕೇಳುವುದು ಯಾಕೆ? ಬುದ್ಧಿವಂತನಾದ ನನಗೆ ಥಟ್ಟನೆ ಹೊಳೆಯಿತು. ಮುದುಕನ ಜೀವ ಆ ವಾಚಿನಲ್ಲಿ ಸಿಕ್ಕಿಕೊಂಡಿದೆ.

ಹಳೇ ವಾಚುಗಳನ್ನು ಹರಾಜು ಹಾಕುವ ಆನ್‌ಲೈನ್ ತಾಣದಲ್ಲಿ ಹುಡುಕಿದೆ. ಅಂಥದ್ದೊಂದು ಸಿಕ್ಕರೆ ಸಾಕೆಂದುಕೊಂಡಿದ್ದೆ, ಅದೇ ಸಿಕ್ಕಿತು. ಹಿಂಬದಿಯ ಮುಚ್ಚಳದ ಮೇಲೆ ಅಪ್ಪ ಮೊಳೆಯಿಂದ ಕೆತ್ತಿದ್ದ ಅವನ ಹೆಸರಿನ ಮೊದಲ ಅಕ್ಷರ, ಅದೂ ತಲೆಕೆಳಗಾಗಿ. ಕೆತ್ತುವಾಗ ವಾಚನ್ನೇ ಉಲ್ಟಾ ಹಿಡಿದಿದ್ದೆ ಎಂದು ಅಪ್ಪ ಎಷ್ಟು ಸಲ ಹೇಳಿ ನಕ್ಕಿದ್ದನೋ.

"ಹಾಗಾದ್ರೆ ಈಗಲೇ ದೊಡ್ಡ ಮೊತ್ತ ಹಾಕಿಬಿಡಿ," ಅಂದಳು ಹೆಂಡತಿ. "ಮಾವ ಇರೋದ್ರೊಳಗೆ ಕೈಗೆ ಕಟ್ಟಿದ್ರೆ ಸಾಕು."

"ನಿನಗೆ ವ್ಯಾಪಾರ ಗೊತ್ತಿಲ್ಲ. ಬೇಕು ಅಂತ ತೋರಿಸಿಕೊಂಡ್ರೆ ಬೆಲೆ ಏರುತ್ತೆ. ಕೊನೇ ಗಳಿಗೇಲಿ ನುಗ್ಗಬೇಕು."

"ಕೊನೇ ಗಳಿಗೆ ಯಾರ ಮಾತೂ ಕೇಳಲ್ಲ ರೀ," ಎಂದು ಅವಳು ಮಂಚದ ಕಡೆ ನೋಡಿದಳು.

ಹರಾಜಿನ ಕೊನೇ ಗಳಿಗೆ ಗುರುವಾರ ಮಧ್ಯಾಹ್ನಕ್ಕಿತ್ತು. ಸರಿಯಾಗಿ ಅದೇ ಹೊತ್ತಿಗೆ ಅಂಗಡಿಗೆ ಶನಿಯೊಂದು ಬಂದು ವಕ್ಕರಿಸಿತು. ನಾವು ಬೆನ್ನ ಹಿಂದೆ ಅರ್ಧರೇಟು ಎಂದು ಕರೆಯುವ ಕಟ್ಟಡದ ಗುತ್ತಿಗೆದಾರ. ಒಂದಿಡೀ ಕಟ್ಟಡದ ಬಾಗಿಲುಗಳಿಗೆ ಬೀಗ ಬೇಕಂತೆ. ಎದ್ದು ಹೋಗುವ ಹಾಗಿಲ್ಲ. ಮನೆಯಲ್ಲಿ ಕಂಪ್ಯೂಟರ್ ಮುಂದೆ ಹೆಂಡತಿಯನ್ನು ಕೂರಿಸಿ ಬಂದಿದ್ದೆನಲ್ಲ, ಸದ್ಯ. ಮೊತ್ತ ಬರೆದು ಹಸಿರು ಗುಂಡಿ ಒತ್ತಬೇಕೆಂದು ಪಾಠವೂ ಆಗಿತ್ತು.

ಫೋನು ಬಂತು.

"ರೀ, ನೀವು ಹೇಳಿದಷ್ಟು ಹಾಕಿದೆ. ಹದ್ದಿನಕಣ್ಣು ಅಂತ ಹೆಸರಿಟ್ಕೊಂಡು ಯಾವನೋ ಅದರ ಮೇಲೆ ಹಾಕಿದ. ಏನ್ ಮಾಡ್ಲಿ?"

"ಇನ್ನೂ ಜಾಸ್ತಿ ಹಾಕು" ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅರ್ಧರೇಟು ಗಲ್ಲಾದ ಮೇಲೆ ಮೊಣಕೈ ಊರಿ, ಕಿವಿಯನ್ನು ನನ್ನ ಬಾಯಿಗೇ ಒಡ್ಡಿದ್ದ. ಬೀಗಕ್ಕೆ ಇದಕ್ಕಿಂತ ಕಡಿಮೆ ರೇಟು ಲೋಕದಲ್ಲೇ ಇಲ್ಲವೆಂದು ಅದೇ ತಾನೇ ಅವನಿಗೆ ಆಣೆ ಇಟ್ಟಿದ್ದೆ. ಇಂಥ ಹೊತ್ತಿನಲ್ಲಿ ಫೋನಿನಲ್ಲಿ ಜಾಸ್ತಿ ಹಾಕು ಎಂದರೆ ಅವನು ಎದುರಂಗಡಿಗೆ ನಡೆಯುತ್ತಾನೆ. ಹಸಿರು ಗುಂಡಿ ಒತ್ತು ಎಂದಿದ್ದರೆ ಮುಗಿದುಹೋಗುತ್ತಿತ್ತು, ನಿಜ. ಆದರೆ ಜಾಣನಿಗೆ ಸುಲಭದ ಮಾತು ಹೊಳೆಯುವುದಿಲ್ಲ. ಹರಾಜಿನ ತಾಣದಲ್ಲಿ ಹೊಸದಾಗಿ ಕಲಿತಿದ್ದ ಪದವನ್ನು ಗುಟ್ಟಾಗಿ ಹೊರಬಿಟ್ಟೆ.

"ಬಿಡ್ಡು."

"ಬಿಡ್ಲಾ?"

ಹಿಂದಿನ ಗೋದಾಮಿನಲ್ಲಿ ಪೈಪು ಕೊಯ್ಯುವ ಯಂತ್ರ ಕಿರುಚುತ್ತಿತ್ತು. "ಹೂಂ, ಬಿಡ್ಡು ಅಂದೆನಲ್ಲ."

"ನಿಜವಾಗ್ಲೂನಾ? ಮಾವನ ವಾಚು ರೀ."

"ಅದಕ್ಕೇ ಹೇಳ್ತಿರೋದು. ಬೇಗ. ಬಿಡ್ಡು, ಬಿಡ್ಡು."

ಫೋನು ಕೆಳಗಿಟ್ಟಾಗ ಅರ್ಧರೇಟಿನ ಮುಖ ಅರಳಿತ್ತು. "ಈಗ ದಾರಿಗೆ ಬಂದ್ರಿ ಸಾಹುಕಾರ್ರೇ. ಮನೆಯವರೇ ಹೇಳಿದ್ರಾ? ಸರಿ, ರೇಟಲ್ಲಿ ಎಷ್ಟು ಬಿಟ್ರಿ?"

ಅವನ ಕಿವಿಗೆ ನಾಲ್ಕು ಸಲ ಬಿಡು ಅಂದವನು ಈಗ ಬಿಡುವುದಿಲ್ಲ ಎಂದರೆ ಮಾತಿಗೆ ಬೆಲೆ ಎಲ್ಲಿಯದು? ಬೀಗಗಳು ಅರ್ಧ ರೇಟಿಗೇ ಹೋದವು. ಹೋಗಲಿ, ವಾಚು ಬಂತಲ್ಲ ಎಂದು ಎದೆಯುಬ್ಬಿಸಿ ಮನೆಗೆ ಬಂದೆ. ಕಂಪ್ಯೂಟರ್ ಆಫ್ ಆಗಿತ್ತು.

"ನಮ್ದಾಯ್ತಾ?"

"ಏನು ನಮ್ದಾಗೋದು? ನೀವೇ ಬಿಡು ಅಂದ್ರಿ, ಬಿಟ್ಟೆ."

"ಬಿಡು ಅಲ್ಲ ಕಣೇ, ಬಿಡ್ಡು. ಹರಾಜು ಕೂಗೋದಕ್ಕೆ ಹಾಗಂತಾರೆ."

ಅವಳು ನನ್ನನ್ನೇ ನೋಡಿದಳು. "ಒಂದು ಒತ್ತಕ್ಷರದ ಮೇಲೆ ಮಾವನ ವಾಚು ನಿಲ್ಲಿಸಿದ್ರಾ?"

"ನಿನಗಾದ್ರೂ ಅನುಮಾನ ಬರಬೇಡ್ವಾ?"

"ಯಾಕೆ ಬರುತ್ತೆ? ಬೇಡ ಅಂತ ಎದ್ದು ಹೊರಟ್ರೆ ಅಂಗಡಿಯವನೇ ಹಿಂದಿನಿಂದ ಕರೀತಾನೆ ಅನ್ನೋದು ನಿಮ್ಮದೇ ವರಸೆ ತಾನೇ? ಅದೇ ಇರಬೇಕು ಅಂದ್ಕೊಂಡೆ. ಹರಾಜು ಮುಗಿದ ಮೇಲೂ ಕಾದೆ. ಯಾರೂ ಕರೀಲಿಲ್ಲ."

ಹದ್ದಿನಕಣ್ಣಿಗೆ ಸಂದೇಶ ಕಳಿಸಿ ಕಾಲು ಹಿಡಿದೆ. ಇದು ನನ್ನ ತಂದೆಯ ವಾಚು, ಅವರಿಗೆ ಹೆಚ್ಚು ದಿನವಿಲ್ಲ, ಕೇಳಿದಷ್ಟು ಕೊಡುತ್ತೇನೆ ಎಂದು ಬರೆದೆ. ಬೇಕು ಎಂದು ಅಷ್ಟು ಬಿಚ್ಚಿ ತೋರಿಸಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಉತ್ತರ ಬಂತು: "ಕೊಡುವುದಿಲ್ಲ. ಹಿಂದೆ ಅಕ್ಷರ ತಲೆಕೆಳಗಾಗಿ ಅಚ್ಚಾಗಿರುವ ವಾಚು ಬಹಳ ಅಪರೂಪ. ಇಂಥ ಕಥೆ ಹೇಳುವವರನ್ನು ತುಂಬ ನೋಡಿದ್ದೇನೆ."

ನಾನೂ ಅಂಗಡಿಯಲ್ಲಿ ಇಂಥ ಕಥೆ ಹೇಳುವವರಿಗೆ ಇದೇ ಧಾಟಿಯಲ್ಲಿ ಉತ್ತರ ಕೊಡುತ್ತೇನೆ. ಆದ್ದರಿಂದ ಬಯ್ಯುವುದಕ್ಕೂ ಬಾಯಿ ಬರಲಿಲ್ಲ.

ಸಂಜೆ ಅಪ್ಪನ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡ.

"ಯಾರಿಗೆ ಬೇಕಾಗಿತ್ತೋ ಆ ವಾಚು?"

"ನಿನಗೇ ಅಪ್ಪ. ಯಾವಾಗ್ಲೂ ಗಂಟೆ ಕೇಳ್ತಿರ್ತೀಯಲ್ಲ."

ಅಪ್ಪ ನಕ್ಕ. ನಗು ಕೆಮ್ಮಾಯಿತು. ಹೆಂಡತಿ ಬಂದು ಎತ್ತಿ ಕೂರಿಸಿ ನೀರು ಕುಡಿಸಿದಳು. ಉಸಿರು ಹದಕ್ಕೆ ಬಂದ ಮೇಲೆ ಅಪ್ಪ ಕೇಳಿದ: "ಕೊಳ್ಳದೆ ಸುಮ್ನೆ ಬಂದು ಕೂರೋ ಗಿರಾಕೀನ ಎಬ್ಬಿಸೋಕೆ ಅಂಗಡೀಲಿ ನಾನು ಏನಂತಿದ್ದೆ?"

ಗೊತ್ತಿತ್ತು. ಗಂಟೆ ಎಷ್ಟಾಯ್ತು ಸ್ವಾಮಿ ಅನ್ನುತ್ತಿದ್ದ. ನಾನೂ ಹಾಗೆಂದು ಎಷ್ಟೋ ಜನರನ್ನು ಎಬ್ಬಿಸಿ ಕಳಿಸಿದ್ದೇನೆ.

"ಅಪ್ಪ, ನನ್ನನ್ನ ಎಬ್ಬಿಸ್ತಿದ್ಯಾ?"

"ಮತ್ತೆ? ಬರ್ತೀಯ, ಕೂರ್ತೀಯ, ಹಳೇ ಸ್ಟಾಕು ನೋಡಿದ ಹಾಗೆ ನನ್ನ ಮುಖ ನೋಡ್ತೀಯ, ಯಾವಾಗ ಖಾಲಿ ಆಗುತ್ತೋ ಅಂತ. ನನಗೂ ನಾಚಿಕೆ ಆಗಲ್ವೇನೋ? ಹೋಗು, ಅಂಗಡಿ ನೋಡ್ಕೋ."

ಹೆಂಡತಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಭುಜ ಅಲುಗುತ್ತಿತ್ತು. ನಗುವೋ ಇನ್ನೊಂದೋ ತಿಳಿಯಲಿಲ್ಲ.

ಮಾರನೆಯ ದಿನದಿಂದ ಅಪ್ಪನ ಮುಖ ಬಿಟ್ಟು ಕಿಟಕಿ ನೋಡುತ್ತ ಕೂತೆ. ಅಪ್ಪ ಗಂಟೆ ಕೇಳುತ್ತಿದ್ದ, ನಾನು ಹೇಳುತ್ತಿದ್ದೆ, ಏಳುತ್ತಿರಲಿಲ್ಲ. "ನಾಚಿಕೆ ಇಲ್ಲದ ಗಿರಾಕಿ" ಎಂದು ಗೊಣಗುತ್ತಿದ್ದ. ಭಾನುವಾರ ಮಧ್ಯಾಹ್ನ ಬಹಳ ಹೊತ್ತು ಕೂತೆ. ಗಂಟೆ ಕೇಳುವ ಧ್ವನಿ ಬರಲಿಲ್ಲ. ಒಂದು ಸಲ ಕೇಳಲಿ ಎಂದು ಕಾದೆ. ಹೆಂಡತಿ ಬಂದು ಅಪ್ಪನ ಮೂಗಿನ ಬಳಿ ಬೆರಳು ಹಿಡಿದಳು, ಆಮೇಲೆ ನನ್ನ ಹೆಗಲು ಮುಟ್ಟಿದಳು.

"ಏಳಿ," ಅಂದಳು.

ಕೊಳ್ಳದ ಗಿರಾಕಿ ಕೂತೇ ಇದ್ದ. ಅಂಗಡಿಯವನೇ ಎದ್ದು ಹೋಗಿದ್ದ.